ಡಬ್ಲಿನ್‌ನಲ್ಲಿ ರಾಯಭಾರಿ, ದೆಹಲಿಯಲ್ಲಿ ಹೈಕಮಿಷನರ್: ಬ್ರಿಟನ್–ಐರ್ಲೆಂಡ್ ಪ್ರಾತಿನಿಧ್ಯದ ಇತಿಹಾಸ

ಓದುಗರ ಪ್ರಶ್ನೆ: ಮಾನ್ಯರೇ, ನಾನು ಕೆಲವು ವರ್ಷಗಳಿಂದ ಡಬ್ಲಿನ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಇಲ್ಲಿನ ಕನ್ನಡಿಗರು ಹೊರತರುವ ವಾರ್ಷಿಕ ಸಂಚಿಕೆಗೆ ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ರಾಜತಾಂತ್ರಿಕ ಪ್ರಾತಿನಿಧ್ಯದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್ ಇರುವುದನ್ನು ಬಲ್ಲ ನನಗೆ, ಇಲ್ಲಿ ಅದೇ ದೇಶದ ಕಚೇರಿಯ ಮೇಲೆ ಎಂಬಸಿ ಎಂಬ ಫಲಕ ಕಂಡು ಗೊಂದಲವಾಯಿತು. ಎರಡೂ ದೇಶಗಳು ಒಂದೇ ಆಳ್ವಿಕೆಯಿಂದ ಹೊರಬಂದವಲ್ಲವೇ? ಹಾಗಾದರೆ ರಾಯಭಾರಿಯ ಸ್ಥಾನ ಹೈಕಮಿಷನರ್‌ಗಿಂತ ಮೇಲೆಯೇ? 1972ರಲ್ಲಿ ಇಲ್ಲಿನ ಬ್ರಿಟಿಷ್ ರಾಯಭಾರ ಕಚೇರಿ ಸುಟ್ಟುಹೋದಾಗ ಎರಡೂ ದೇಶಗಳು ಸಂಬಂಧ ಕಡಿದುಕೊಂಡಿದ್ದವು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಸಂಬಂಧ ಆರಂಭವಾದ ವರ್ಷವೂ ಒಂದೊಂದು ಕಡೆ ಒಂದೊಂದು ರೀತಿ ಇದೆ: 1922, 1939, 1949, 1950. ಯಾವುದನ್ನು ಬರೆಯಲಿ? ತಪ್ಪಾಗಿ ಬರೆದರೆ ಲೇಖನ ಓದುವ ಐರಿಶ್ ಸ್ನೇಹಿತರಿಗೆ ನೋವಾಗಬಹುದೆಂಬ ಅಂಜಿಕೆಯೂ ಇದೆ.

ಉತ್ತರ:

ನಿಮ್ಮ ಅಂಜಿಕೆ ಸಕಾರಣವಾದದ್ದು. ಬೇರೆ ಎರಡು ಐರೋಪ್ಯ ದೇಶಗಳ ವಿಷಯವಾಗಿದ್ದರೆ ಮೊದಲ ರಾಯಭಾರಿ ಯಾವಾಗ ಬಂದರು, ಯುದ್ಧದಲ್ಲಿ ಯಾವಾಗ ಹೊರಟುಹೋದರು, ಯಾವಾಗ ಮರಳಿದರು ಎಂದು ಒಂದು ಪಟ್ಟಿ ಮಾಡಿ ಮುಗಿಸಬಹುದಿತ್ತು. ಬ್ರಿಟನ್ ಮತ್ತು ಐರ್ಲೆಂಡ್ ನಡುವೆ ಹಾಗಾಗುವುದಿಲ್ಲ. ಇಲ್ಲಿ ಪ್ರತಿನಿಧಿಯೊಬ್ಬನಿಗೆ ಯಾವ ಪದವಿ ಕೊಡಬೇಕೆಂಬುದೇ ಐರ್ಲೆಂಡ್ ಸ್ವತಂತ್ರ ರಾಷ್ಟ್ರವೋ, ಬ್ರಿಟಿಷ್ ದೊರೆಯ ಅಧೀನ ಪ್ರಾಂತ್ಯವೋ ಎಂಬ ಪ್ರಶ್ನೆಗೆ ಕೊಡುವ ಉತ್ತರವಾಗಿತ್ತು. ಆ ಉತ್ತರದ ಬಗ್ಗೆ ಒಮ್ಮತವಿಲ್ಲದಿದ್ದ ಕಾರಣ ದಶಕಗಳ ಕಾಲ ಕೆಲಸ ನಡೆಯಿತು, ಪದವಿ ಮಾತ್ರ ನಿಲ್ಲಲಿಲ್ಲ. ರಾಜತಾಂತ್ರಿಕ ಇತಿಹಾಸವನ್ನು ಬೋಧಿಸುತ್ತ ಬಂದ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುವುದು ಇಷ್ಟು: ಕಚೇರಿಯ ಮುಂದಿನ ಫಲಕ ನೋಡಬೇಡಿ, ಪ್ರತಿನಿಧಿ ತಂದ ಅಧಿಕಾರಪತ್ರವನ್ನು ಯಾರು ಯಾರಿಗೆ ಬರೆದಿದ್ದಾರೆಂದು ನೋಡಿ.

ಮೊದಲು ಸ್ಥಾನಮಾನದ ವಿಷಯ. ರಾಯಭಾರಿ ಹೈಕಮಿಷನರ್‌ಗಿಂತ ಮೇಲೆ ಎಂಬುದು ನಿಜವಲ್ಲ. ಒಂದು ರಾಷ್ಟ್ರದ ಮುಖ್ಯಸ್ಥರು ಇನ್ನೊಂದು ರಾಷ್ಟ್ರದ ಮುಖ್ಯಸ್ಥರಿಗೆ, ಇಂಥವರನ್ನು ನನ್ನ ಪರವಾಗಿ ಕಳುಹಿಸಿದ್ದೇನೆ, ಇವರ ಮಾತನ್ನು ನಂಬಬಹುದು ಎಂದು ಬರೆದುಕೊಡುವ ಪತ್ರವೇ ರಾಯಭಾರಿಯ ಅಧಿಕಾರದ ಮೂಲ. ಬ್ರಿಟಿಷ್ ಸಾಮ್ರಾಜ್ಯದ ಸ್ವಯಮಾಡಳಿತದ ದೇಶಗಳು, ಅಂದರೆ ಡೊಮಿನಿಯನ್‌ಗಳು, ಆಗಿದ್ದ ಕೆನಡಾ, ಆಸ್ಟ್ರೇಲಿಯಾ ಮೊದಲಾದವುಗಳಿಗೂ ಬ್ರಿಟನ್ನಿಗೂ ದೊರೆ ಒಬ್ಬನೇ ಆಗಿದ್ದರಿಂದ, ಆ ದೊರೆ ತನಗೆ ತಾನೇ ಪತ್ರ ಬರೆದು ರಾಯಭಾರಿಯನ್ನು ಕಳುಹಿಸಿಕೊಳ್ಳಲು ಸಾಧ್ಯವಿರಲಿಲ್ಲ. ಅದಕ್ಕಾಗಿ ಕೆನಡಾ 1880ರಲ್ಲಿ ಲಂಡನ್‌ಗೆ ಅಲೆಕ್ಸಾಂಡರ್ ಗಾಲ್ಟ್ ಅವರನ್ನು ಹೈಕಮಿಷನರ್ ಎಂಬ ಹೊಸ ಹೆಸರಿನಲ್ಲಿ ಕಳುಹಿಸಿತು. ಆ ವ್ಯಕ್ತಿ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋದ ಪ್ರತಿನಿಧಿಯೇ ಹೊರತು ದೊರೆಯಿಂದ ದೊರೆಗೆ ಹೋದ ದೂತನಲ್ಲ. 1948ರಲ್ಲಿ ಕಾಮನ್‌ವೆಲ್ತ್ ದೇಶಗಳು ಹೈಕಮಿಷನರ್‌ಗಳಿಗೆ ರಾಯಭಾರಿಗಳಿಗೆ ಸಮಾನವಾದ ಸ್ಥಾನ ನೀಡಲು ಒಪ್ಪಿದವು. ಈಗ ಉಳಿದಿರುವುದು ಹೆಸರಿನ ವ್ಯತ್ಯಾಸ, ಅದು ತಿಳಿಸುವುದು ಕಾಮನ್‌ವೆಲ್ತ್‌ನ ಸದಸ್ಯತ್ವವನ್ನು ಮಾತ್ರ.

ಇನ್ನು ಐರ್ಲೆಂಡ್. 1919ರ ಜನವರಿಯಲ್ಲಿ ಡಬ್ಲಿನ್‌ನಲ್ಲಿ ಸೇರಿ ಸ್ವಾತಂತ್ರ್ಯ ಘೋಷಿಸಿದ ಐರಿಶ್ ಸಂಸತ್ತು, ಅಂದರೆ ಡಾಯ್ಲ್, ಲಂಡನ್‌ನಲ್ಲಿಯೂ ತನ್ನ ಪರವಾಗಿ ಆರ್ಟ್ ಓ'ಬ್ರಿಯನ್ ಎಂಬವರನ್ನು ಇಟ್ಟುಕೊಂಡಿತ್ತು. ಬ್ರಿಟಿಷ್ ಸರ್ಕಾರ ಅವರನ್ನು ಪ್ರತಿನಿಧಿಯೆಂದು ಒಪ್ಪಲಿಲ್ಲ. ಡಾಯ್ಲನ್ನೇ ಒಪ್ಪದವರು ಅದರ ದೂತನನ್ನು ಹೇಗೆ ಒಪ್ಪಿಯಾರು? ಬ್ರಿಟಿಷ್ ಸರ್ಕಾರಕ್ಕೂ ಐರಿಶ್ ನಾಯಕರಿಗೂ ನಡುವೆ ಆದ 1921ರ ಡಿಸೆಂಬರ್ 6ರ ಒಪ್ಪಂದದ ಪ್ರಕಾರ ಸರಿಯಾಗಿ ಒಂದು ವರ್ಷದ ಬಳಿಕ ಐರಿಶ್ ಫ್ರೀ ಸ್ಟೇಟ್ ಅಸ್ತಿತ್ವಕ್ಕೆ ಬಂದಾಗ, ಕೆನಡಾಕ್ಕಿದ್ದ ಸ್ಥಾನವೇ ಅದಕ್ಕೂ ದೊರೆಯಿತು. ಹಾಗಾಗಿ 1923ರಲ್ಲಿ ಲಂಡನ್‌ಗೆ ಹೋದ ಜೇಮ್ಸ್ ಮ್ಯಾಕ್‌ನೀಲ್ ಅವರ ಪದವಿ ಹೈಕಮಿಷನರ್ ಎಂದಾಯಿತು. ಭಾರತೀಯ ಓದುಗರಿಗೆ ಇವರ ಪರಿಚಯ ಬೇರೆ ಕಾರಣಕ್ಕೂ ಇರಬೇಕು. ಇವರು ನಮ್ಮಲ್ಲಿ ಐಸಿಎಸ್ ಅಧಿಕಾರಿಯಾಗಿದ್ದವರು. ಮೊದಲ ಮಹಾಯುದ್ಧಕ್ಕೆ ಮುಂಚೆ ಚಿಮ್ಮನ್ ಲಾಲ್ ಅವರೊಡನೆ ಟ್ರಿನಿಡಾಡ್, ಗಯಾನಾ, ಫಿಜಿ ಮೊದಲಾದೆಡೆ ಹೋಗಿ ಅಲ್ಲಿದ್ದ ಭಾರತೀಯ ಕರಾರು ಕೂಲಿಗಳ ಸ್ಥಿತಿಗತಿಯ ಬಗ್ಗೆ ವರದಿ ಕೊಟ್ಟವರು.

ಪದವಿ ಹೈಕಮಿಷನರ್ ಎಂದಿದ್ದರೂ ಡಬ್ಲಿನ್ ಸರ್ಕಾರ ತನ್ನ ಸಂಬಂಧವನ್ನು ಮೊದಲಿನಿಂದಲೂ ಎರಡು ರಾಷ್ಟ್ರಗಳ ಸಂಬಂಧವೆಂದೇ ಕಂಡಿತು. 1923ರಲ್ಲಿ ಅದು ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಸದಸ್ಯನಾಯಿತು. ಮರುವರ್ಷ 1921ರ ಒಪ್ಪಂದವನ್ನು ಅಂತರರಾಷ್ಟ್ರೀಯ ಒಪ್ಪಂದವೆಂದು ಅಲ್ಲಿ ನೋಂದಾಯಿಸಿತು. ಬ್ರಿಟನ್ ಇದನ್ನು ಆಕ್ಷೇಪಿಸಿತು. ಒಂದೇ ಮನೆಯವರ ನಡುವಿನ ಮಾತುಕತೆಯನ್ನು ಊರ ಪಂಚಾಯಿತಿಯ ದಾಖಲೆಗೆ ಸೇರಿಸಬಾರದು ಎಂಬ ಧಾಟಿಯ ವಾದ ಅದು. ಅದೇ 1924ರಲ್ಲಿ ಟಿಮೋಥಿ ಸ್ಮಿಡ್ಡಿ ಅವರು ವಾಷಿಂಗ್ಟನ್‌ನಲ್ಲಿ ಐರಿಶ್ ದೂತರಾಗಿ ಅಧಿಕಾರ ವಹಿಸಿಕೊಂಡರು. ಬ್ರಿಟಿಷ್ ರಾಯಭಾರಿಯ ನೆರಳಿಲ್ಲದೆ ವಿದೇಶವೊಂದರಲ್ಲಿ ತನ್ನದೇ ದೂತನನ್ನು ಇಟ್ಟ ಮೊದಲ ಡೊಮಿನಿಯನ್ ಐರ್ಲೆಂಡ್. ಅಂದರೆ ಅಮೆರಿಕದಲ್ಲಿ ಪೂರ್ಣ ರಾಜದೂತನಿದ್ದ ದೇಶಕ್ಕೆ ನೆರೆಯ ಲಂಡನ್‌ನಲ್ಲಿ ಮಾತ್ರ ಹಾಗಿರಲು ಅವಕಾಶವಿರಲಿಲ್ಲ.

ಎದುರು ದಿಕ್ಕಿನಲ್ಲಿ ಏನಿತ್ತು ಎಂಬುದನ್ನು ಬಹಳ ಬರಹಗಳು ಬಿಟ್ಟುಬಿಡುತ್ತವೆ. ಆರಂಭದ ವರ್ಷಗಳಲ್ಲಿ ಡಬ್ಲಿನ್‌ನಲ್ಲಿದ್ದ ಗವರ್ನರ್ ಜನರಲ್ ದೊರೆಯ ಪ್ರತಿನಿಧಿಯೂ ಹೌದು, ಬ್ರಿಟಿಷ್ ಸರ್ಕಾರದ ಕಿವಿ ಬಾಯಿಯೂ ಹೌದು. 1926ರ ಸಾಮ್ರಾಜ್ಯ ಸಮ್ಮೇಳನ ಗವರ್ನರ್ ಜನರಲ್ ಇನ್ನು ದೊರೆಗೆ ಮಾತ್ರ ಪ್ರತಿನಿಧಿ, ಲಂಡನ್ ಸರ್ಕಾರಕ್ಕಲ್ಲ ಎಂದು ತೀರ್ಮಾನಿಸಿತು. ಖಾಲಿಯಾದ ಆ ಜಾಗ ತುಂಬಲು ಬ್ರಿಟನ್ 1928ರಲ್ಲಿ ಕೆನಡಾಕ್ಕೆ ತನ್ನ ಹೈಕಮಿಷನರ್‌ನನ್ನು ಕಳುಹಿಸಿತು. ಐರ್ಲೆಂಡಿಗೆ ಕಳುಹಿಸಲಿಲ್ಲ. ಡಬ್ಲಿನ್‌ನಲ್ಲಿ ವ್ಯಾಪಾರ ನೋಡಿಕೊಳ್ಳುವ ಒಬ್ಬ ಕಮಿಷನರ್ ಇದ್ದರು, ಅಷ್ಟೇ. 1932ರಲ್ಲಿ ಈಮನ್ ಡಿ ವಲೆರಾ ಅಧಿಕಾರಕ್ಕೆ ಬಂದು, ಹಿಂದಿನ ಕಾಲದಲ್ಲಿ ಐರಿಶ್ ರೈತರು ಜಮೀನು ಕೊಳ್ಳಲು ಪಡೆದಿದ್ದ ಭೂಸಾಲದ ಕಂತುಗಳನ್ನು ಬ್ರಿಟನ್ನಿಗೆ ಕಟ್ಟುವುದನ್ನು ನಿಲ್ಲಿಸಿ, ಬ್ರಿಟನ್ ಐರಿಶ್ ಸರಕುಗಳ ಮೇಲೆ ಶೇ 20ರ ಸುಂಕ ಹೇರಿ ಆರ್ಥಿಕ ಸಮರ ಶುರುವಾದಾಗ, ಎರಡು ಸರ್ಕಾರಗಳ ನಡುವೆ ಉಳಿದಿದ್ದ ಮುಖ್ಯ ದಾರಿ ಲಂಡನ್‌ನಲ್ಲಿದ್ದ ಐರಿಶ್ ಹೈಕಮಿಷನರ್ ಜಾನ್ ಡುಲಾಂಟಿ ಅವರದು. 1930ರಿಂದ 1950ರವರೆಗೆ ಅವರು ಅದೇ ಸ್ಥಾನದಲ್ಲಿದ್ದರು. ಇಬ್ಬರು ಹಟಮಾರಿಗಳ ನಡುವೆ ಮಾತು ಸಾಗಿಸುವ ಅಂಥ ಕೆಲಸಕ್ಕೆ ಹೆಸರು ಬರುವುದಿಲ್ಲ. ಆದರೆ 1921ರ ಒಪ್ಪಂದದಡಿ ಬ್ರಿಟನ್ ತನ್ನ ಕೈಯಲ್ಲಿ ಉಳಿಸಿಕೊಂಡಿದ್ದ ಮೂರು ಬಂದರುಗಳನ್ನು ಐರ್ಲೆಂಡಿಗೆ ಮರಳಿಸಿ, 1 ಕೋಟಿ ಪೌಂಡ್‌ಗೆ ಭೂಸಾಲದ ಲೆಕ್ಕ ಚುಕ್ತಾ ಮಾಡಿದ 1938ರ ಏಪ್ರಿಲ್‌ನ ಒಪ್ಪಂದದ ಹಿಂದೆ ಆ ದೀರ್ಘ ಸಹನೆಯ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಈ ನಡುವೆ, 1936ರ ಡಿಸೆಂಬರ್‌ನಲ್ಲಿ ಎಂಟನೇ ಎಡ್ವರ್ಡ್ ಸಿಂಹಾಸನ ತೊರೆದರು. ಡಿ ವಲೆರಾ ಆ ಅವಕಾಶ ಬಳಸಿ, ಒಳಾಡಳಿತದಿಂದ ದೊರೆಯನ್ನು ಪೂರ್ಣವಾಗಿ ತೆಗೆದುಹಾಕಿದರು. ಆದರೆ ಎಕ್ಸ್‌ಟರ್ನಲ್ ರಿಲೇಷನ್ಸ್ ಆಕ್ಟ್ ಎಂದು ಸಾಮಾನ್ಯವಾಗಿ ಕರೆಯಲಾಗುವ ಕಾಯ್ದೆಯ ಮೂಲಕ, ಐರಿಶ್ ರಾಜದೂತರನ್ನು ನೇಮಿಸುವ ಮತ್ತು ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಹಿ ಹಾಕುವ ಕೆಲಸವನ್ನು ಮಾತ್ರ ದೊರೆಗೆ ಬಿಟ್ಟರು. ಒಳಗೆ ದೊರೆ ಇಲ್ಲ, ಹೊರಗೆ ದೊರೆಯ ಸಹಿ ಇದೆ. ಇದರ ಪರಿಣಾಮ ಎಷ್ಟು ವಿಚಿತ್ರವಾಗಿತ್ತೆಂದರೆ, 1939ರಲ್ಲಿ ಬರ್ಲಿನ್‌ನಲ್ಲಿದ್ದ ಐರಿಶ್ ದೂತ ಚಾರ್ಲ್ಸ್ ಬ್ಯೂಲಿ ಸ್ಥಾನ ಬಿಟ್ಟ ಮೇಲೆ ಹೊಸ ದೂತನನ್ನು ಕಳುಹಿಸಬೇಕಾದರೆ ಹಿಟ್ಲರ್ ಹೆಸರಿಗೆ ಬರೆದ ಪತ್ರಕ್ಕೆ ಆರನೇ ಜಾರ್ಜ್ ಸಹಿ ಹಾಕಬೇಕಿತ್ತು. ಜರ್ಮನಿಯೊಡನೆ ಯುದ್ಧದಲ್ಲಿದ್ದ ದೊರೆಯಿಂದ ಅದನ್ನು ಕೇಳುವಂತಿರಲಿಲ್ಲ. ಆದ್ದರಿಂದ ತಟಸ್ಥವಾಗಿ ಉಳಿದ ಐರ್ಲೆಂಡ್ ಬರ್ಲಿನ್‌ನಲ್ಲಿ ವಿಲಿಯಂ ವಾರ್ನಾಕ್ ಅವರನ್ನು ಪ್ರಭಾರ ದರ್ಜೆಯಲ್ಲಿಯೇ ಇರಿಸಿತು. ಪ್ರಭಾರ ಅಧಿಕಾರಿಗೆ ರಾಷ್ಟ್ರದ ಮುಖ್ಯಸ್ಥರ ಪತ್ರ ಬೇಕಾಗುವುದಿಲ್ಲ.

ಇದೇ ಹೊತ್ತಿಗೆ ಬ್ರಿಟನ್ನಿಗೆ ಡಬ್ಲಿನ್‌ನಲ್ಲಿ ತನ್ನದೊಬ್ಬ ವ್ಯಕ್ತಿ ತುರ್ತಾಗಿ ಬೇಕಾಯಿತು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಕೂಡಲೇ ಸರ್ ಜಾನ್ ಮ್ಯಾಫಿ ಅವರನ್ನು ಕಳುಹಿಸಲು ಲಂಡನ್ ಮುಂದಾದಾಗ ಪದವಿಯ ಪ್ರಶ್ನೆ ಎದ್ದಿತು. ಅಂದು ಎರಡೂ ಪಕ್ಷಗಳ ಮುಂದಿದ್ದ ಆಯ್ಕೆಗಳನ್ನು ನಿಮ್ಮ ಲೇಖನದಲ್ಲಿ ಬಿಡಿಸಿ ಹೇಳಿದರೆ ಇಡೀ ವಿಷಯ ಓದುಗರಿಗೆ ತಿಳಿಯಾಗುತ್ತದೆ. ಹೈಕಮಿಷನರ್ ಎಂದರೆ ಐರ್ಲೆಂಡ್ ಇನ್ನೂ ಡೊಮಿನಿಯನ್ ಎಂದು ಒಪ್ಪಿದಂತೆ. 1937ರ ಸಂವಿಧಾನವನ್ನು ಜನಮತದಿಂದ ಪಡೆದಿದ್ದ ಡಿ ವಲೆರಾ ಅದನ್ನು ತಮ್ಮ ಜನರ ಮುಂದೆ ಸಮರ್ಥಿಸಿಕೊಳ್ಳಲಾಗುತ್ತಿರಲಿಲ್ಲ. ರಾಯಭಾರಿ ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಿನಿಸ್ಟರ್ ದರ್ಜೆಯ ದೂತ ಎಂದರೆ ಐರ್ಲೆಂಡ್ ವಿದೇಶವೆಂದು ಬ್ರಿಟನ್ ಒಪ್ಪಿದಂತೆ. ದೊರೆಯ ಅಧೀನ ರಾಷ್ಟ್ರವೊಂದು ಯುದ್ಧದಲ್ಲಿ ತಟಸ್ಥವಾಗಿರಬಹುದು ಎಂಬುದನ್ನೂ ಅದರ ಜೊತೆಗೇ ಒಪ್ಪಿದಂತೆ. ಯಾರನ್ನೂ ಕಳುಹಿಸದೇ ಇರುವುದು ಮೂರನೆಯ ದಾರಿ, ಆದರೆ ಜಲಾಂತರ್ಗಾಮಿಗಳು ಐರಿಶ್ ಕರಾವಳಿಯ ಸುತ್ತ ತಿರುಗುವ ಕಾಲದಲ್ಲಿ ಅದು ಇಬ್ಬರಿಗೂ ಅಪಾಯಕರವಾಗಿತ್ತು. ಕೊನೆಗೆ ಯಾವ ಸಂಪ್ರದಾಯದಲ್ಲಿಯೂ ಇಲ್ಲದ, ಯಾವ ಸಿದ್ಧಾಂತವನ್ನೂ ಒಪ್ಪಿಕೊಳ್ಳದ ಒಂದು ಹೆಸರು ಹುಟ್ಟಿತು: ಐರ್ಲೆಂಡಿಗೆ (ಅಧಿಕೃತ ರೂಪದಲ್ಲಿ ಏರಾಕ್ಕೆ) ಬ್ರಿಟನ್ನಿನ ಪ್ರತಿನಿಧಿ. ಲಂಡನ್‌ನಲ್ಲಿ ಡುಲಾಂಟಿ ಹೈಕಮಿಷನರ್, ಡಬ್ಲಿನ್‌ನಲ್ಲಿ ಮ್ಯಾಫಿ ಬರೀ ಪ್ರತಿನಿಧಿ. ಈ ಅಸಮ ಜೋಡಿ ಹತ್ತು ವರ್ಷ ನಡೆಯಿತು.

ನಡೆಯಿತು ಎಂಬುದೇ ಮುಖ್ಯ. ಮ್ಯಾಫಿ ಬಂದ ಕಾರಣ ಐರಿಶ್ ತಟಸ್ಥನೀತಿಯ ಒಳಗೇ ಸಹಕಾರಕ್ಕೆ ಎಷ್ಟು ಎಡೆಯಿದೆಯೆಂದು ಲಂಡನ್‌ಗೆ ತಿಳಿಯಿತು. ವಾಯವ್ಯ ಮೂಲೆಯ ಡೊನೆಗಾಲ್ ಮೇಲಿನಿಂದ ಬ್ರಿಟಿಷ್ ವಿಮಾನಗಳು ಅಟ್ಲಾಂಟಿಕ್‌ಗೆ ಹಾರಲು ಸದ್ದಿಲ್ಲದೆ ಅವಕಾಶ ದೊರೆತದ್ದು ಅಂಥದೊಂದು ಉದಾಹರಣೆ. ಅವರ ಕಚೇರಿಯಲ್ಲಿ 1941ರಿಂದ 1943ರವರೆಗೆ ಪತ್ರಿಕಾ ವ್ಯವಹಾರ ನೋಡಿಕೊಂಡ ಜಾನ್ ಬೆಟ್ಜೆಮನ್ ಮುಂದೆ ಬ್ರಿಟನ್ನಿನ ಆಸ್ಥಾನ ಕವಿಯಾದರು ಎಂಬುದನ್ನೂ ನಿಮ್ಮ ಓದುಗರು ಇಷ್ಟಪಟ್ಟಾರು.

ಇಲ್ಲಿ ಭಾರತದ ಎಳೆಯೊಂದನ್ನು ಮತ್ತೆ ಹಿಡಿಯಬೇಕು. ಮ್ಯಾಫಿ ಕೂಡ ಐಸಿಎಸ್‌ನಿಂದ ಬಂದವರು. ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಅವರ ಖಾಸಗಿ ಕಾರ್ಯದರ್ಶಿ, ಆಮೇಲೆ ವಾಯವ್ಯ ಗಡಿನಾಡಿನ ಮುಖ್ಯ ಆಯುಕ್ತ, ನಂತರ ಸೂಡಾನಿನ ಗವರ್ನರ್ ಜನರಲ್. 1949ರಲ್ಲಿ ಅವರ ಸ್ಥಾನಕ್ಕೆ ಬಂದ ಗಿಲ್ಬರ್ಟ್ ಲೇತ್‌ವೇಟ್ ಡಬ್ಲಿನ್‌ನಲ್ಲಿಯೇ ಹುಟ್ಟಿದವರು, ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಖಾಸಗಿ ಕಾರ್ಯದರ್ಶಿಯಾಗಿದ್ದವರು. ಡಬ್ಲಿನ್‌ನಲ್ಲಿ ಬ್ರಿಟನ್ನಿನ ಮೊದಲ ಇಬ್ಬರು ಪ್ರತಿನಿಧಿಗಳು, ಲಂಡನ್‌ನಲ್ಲಿ ಐರ್ಲೆಂಡಿನ ಮೊದಲ ಹೈಕಮಿಷನರ್, ಈ ಮೂವರೂ ಭಾರತದ ಆಡಳಿತದಲ್ಲಿ ಪಳಗಿದವರು. ಮ್ಯಾಕ್‌ನೀಲ್ ಅವರ ವಿಷಯದಲ್ಲಿ ಇದು ಆಕಸ್ಮಿಕವಿರಬಹುದು. ಬ್ರಿಟಿಷರ ವಿಷಯದಲ್ಲಿ ನನಗೆ ಹಾಗೆನಿಸುವುದಿಲ್ಲ. ಐರ್ಲೆಂಡಿನ ಕಡತಗಳು ವಿದೇಶಾಂಗ ಕಚೇರಿಯಲ್ಲಿರಲಿಲ್ಲ, ಡೊಮಿನಿಯನ್‌ಗಳ ಕಚೇರಿಯಲ್ಲಿದ್ದವು. ಆ ಕಚೇರಿಯ ಕಣ್ಣಿಗೆ ಬೀಳುತ್ತಿದ್ದವರು ಸಾಮ್ರಾಜ್ಯದ ಆಡಳಿತಗಾರರೇ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. 1948ರ ಸೆಪ್ಟೆಂಬರ್‌ನಲ್ಲಿ ಐರಿಶ್ ಪ್ರಧಾನಿ ಜಾನ್ ಕಾಸ್ಟೆಲೊ ಕೆನಡಾದ ಒಟ್ಟಾವದಲ್ಲಿ 1936ರ ಕಾಯ್ದೆಯನ್ನು ರದ್ದುಮಾಡುವುದಾಗಿ ಪ್ರಕಟಿಸಿದರು. ರಿಪಬ್ಲಿಕ್ ಆಫ್ ಐರ್ಲೆಂಡ್ ಕಾಯ್ದೆ 1949ರ ಏಪ್ರಿಲ್ 18ರಂದು, ಈಸ್ಟರ್ ಸೋಮವಾರ, ಜಾರಿಗೆ ಬಂದಿತು. ರಾಜದೂತರನ್ನು ನೇಮಿಸುವ ಅಧಿಕಾರ ಅಂದಿನಿಂದ ರಾಷ್ಟ್ರಾಧ್ಯಕ್ಷರದಾಯಿತು. ಗಣರಾಜ್ಯವಾದ ದೇಶ ಕಾಮನ್‌ವೆಲ್ತ್‌ನಲ್ಲಿರಲು ಸಾಧ್ಯವಿಲ್ಲ ಎಂಬುದು ಅಂದಿನ ನಿಯಮವಾದ್ದರಿಂದ ಐರ್ಲೆಂಡ್ ಹೊರಬಿತ್ತು. ಅದೇ ತಿಂಗಳ ಕೊನೆಯ ವಾರದಲ್ಲಿ ಲಂಡನ್‌ನಲ್ಲಿ ಸೇರಿದ ಪ್ರಧಾನಿಗಳು, ನೆಹರೂ ಅವರೂ ಸೇರಿದಂತೆ, ಭಾರತ ಗಣರಾಜ್ಯವಾಗಿಯೂ ಸದಸ್ಯನಾಗಿ ಉಳಿಯಬಹುದು, ದೊರೆಯನ್ನು ಸದಸ್ಯತ್ವದ ಸಂಕೇತವಾಗಿ ಮಾತ್ರ ಒಪ್ಪಿದರೆ ಸಾಕು ಎಂಬ ಸೂತ್ರವನ್ನು ಒಪ್ಪಿದರು. ಕೆಲವೇ ದಿನಗಳ ಅಂತರದಲ್ಲಿ ನಡೆದ ಈ ಎರಡು ಘಟನೆಗಳೇ, ಇಂದು ಡಬ್ಲಿನ್‌ನಲ್ಲಿ ಬ್ರಿಟಿಷ್ ರಾಯಭಾರಿ ಮತ್ತು ದೆಹಲಿಯಲ್ಲಿ ಬ್ರಿಟಿಷ್ ಹೈಕಮಿಷನರ್ ಇರುವುದಕ್ಕೆ ಕಾರಣ. ಆದರೆ ಲಂಡನ್ ಸೂತ್ರ ಮೊದಲೇ ಬಂದಿದ್ದರೆ ಐರ್ಲೆಂಡ್ ಉಳಿಯುತ್ತಿತ್ತು ಎಂದು ಬರೆಯಬೇಡಿ. ಐರಿಶ್ ರಾಜಕೀಯದಲ್ಲಿ ದೊರೆಯ ಹೆಸರಿಗೂ, ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲಿಯೇ ಉಳಿದ ದೇಶ ವಿಭಜನೆಗೂ ಇದ್ದ ನಂಟು ನಮ್ಮಲ್ಲಿರಲಿಲ್ಲ. ಭಾರತ ಎರಡನ್ನೂ ಒಂದೇ ಪ್ರತಿನಿಧಿಯಿಂದ ನಿಭಾಯಿಸಿದ ಕಾಲವೂ ಇತ್ತು: 1950ರ ದಶಕದಲ್ಲಿ ವಿಜಯಲಕ್ಷ್ಮಿ ಪಂಡಿತ್ ಅವರು ಲಂಡನ್‌ನಲ್ಲಿ ಹೈಕಮಿಷನರ್, ಐರ್ಲೆಂಡಿಗೆ ರಾಯಭಾರಿ. ವ್ಯಕ್ತಿ ಒಬ್ಬರೇ, ಪತ್ರಗಳು ಎರಡು.

ಕಾಮನ್‌ವೆಲ್ತ್ ಬಿಟ್ಟ ದಿನವೇ ರಾಯಭಾರಿಗಳು ಬಂದರೆಂದು ತಿಳಿಯುವುದು ಸಾಮಾನ್ಯ ತಪ್ಪು. ಹಳೆಯ ಹೆಸರುಗಳೇ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿದು, 1950ರಲ್ಲಿ ಡುಲಾಂಟಿ ಮತ್ತು ಲೇತ್‌ವೇಟ್ ಮೊದಲ ರಾಯಭಾರಿಗಳಾದರು. ಡುಲಾಂಟಿ ಕೆಲವೇ ವಾರ ಆ ಪದವಿಯಲ್ಲಿದ್ದು ನಿವೃತ್ತರಾದರು. ಅವರ ಬಳಿಕ ಬಂದವರು ಫ್ರೆಡರಿಕ್ ಬೋಲಂಡ್.

ರಾಯಭಾರಿ ಬಂದರೂ ಐರ್ಲೆಂಡ್ ಪೂರ್ಣ ವಿದೇಶವಾಗಲಿಲ್ಲ. ಬ್ರಿಟಿಷ್ ಸಂಸತ್ತು 1949ರಲ್ಲಿಯೇ ಮಾಡಿದ ಐರ್ಲೆಂಡ್ ಕಾಯ್ದೆ, ಈ ಹೊಸ ಗಣರಾಜ್ಯ ಬ್ರಿಟಿಷ್ ಕಾನೂನಿನ ದೃಷ್ಟಿಯಲ್ಲಿ ವಿದೇಶವಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಲಕ್ಷಾಂತರ ಐರಿಶ್ ಕಾರ್ಮಿಕರು, ದಾದಿಯರು ಬ್ರಿಟನ್ನಿನಲ್ಲಿದ್ದರು. ಅವರನ್ನು ರಾತ್ರೋರಾತ್ರಿ ಪರದೇಶಿಗಳನ್ನಾಗಿ ಮಾಡುವುದು ಇಬ್ಬರಿಗೂ ಬೇಡವಾಗಿತ್ತು. ಅದೇ ಕಾಯ್ದೆ ಉತ್ತರ ಐರ್ಲೆಂಡ್ ಅಲ್ಲಿನ ಸಂಸತ್ತಿನ ಒಪ್ಪಿಗೆಯಿಲ್ಲದೆ ಬ್ರಿಟನ್ನಿನಿಂದ ಬೇರೆಯಾಗದು ಎಂದೂ ಸೇರಿಸಿದ್ದರಿಂದ ಡಬ್ಲಿನ್‌ನಲ್ಲಿ ತೀವ್ರ ಅಸಮಾಧಾನ ಉಂಟಾಯಿತು. ರಾಯಭಾರಿಗಳ ನಡುವಿನ ದೈನಂದಿನ ವ್ಯವಹಾರದಲ್ಲಿಯೂ ಈ ದ್ವಂದ್ವ ಉಳಿಯಿತು. ಡಬ್ಲಿನ್‌ನ ಬ್ರಿಟಿಷ್ ರಾಯಭಾರಿ ವಿದೇಶಾಂಗ ಕಚೇರಿಗೆ ವರದಿ ಮಾಡುತ್ತಿರಲಿಲ್ಲ, ಕಾಮನ್‌ವೆಲ್ತ್ ಸಂಬಂಧಗಳ ಕಚೇರಿಗೆ ಮಾಡುತ್ತಿದ್ದರು. 1960ರ ದಶಕದಲ್ಲಿ ಆ ಕಚೇರಿಗಳೇ ವಿಲೀನವಾಗುವವರೆಗೂ ಹೀಗೆ ನಡೆಯಿತು. ಲಂಡನ್‌ನಲ್ಲಿರುವ ಹೈಕಮಿಷನರ್‌ಗಳಿಗೆ ರಾಯಭಾರಿಗಳಂತೆಯೇ ಕಾನೂನಿನ ವಿನಾಯಿತಿ ಕೊಡಲು 1952ರಲ್ಲಿ ಮಾಡಿದ ಕಾಯ್ದೆಯ ಹೆಸರಿನಲ್ಲಿಯೇ ಕಾಮನ್‌ವೆಲ್ತ್ ದೇಶಗಳ ಪಕ್ಕದಲ್ಲಿ ರಿಪಬ್ಲಿಕ್ ಆಫ್ ಐರ್ಲೆಂಡ್ ಇದೆ. ವಿದೇಶವಲ್ಲದ ದೇಶದ ರಾಯಭಾರಿಗೆ ಪ್ರತ್ಯೇಕ ಕಾನೂನು ಬೇಕಾಗಿತ್ತು.

ಮತ್ತೊಂದು ತೊಡಕು ಅಧಿಕಾರಪತ್ರದ ಮೇಲಿನ ವಿಳಾಸ. 1937ರ ಸಂವಿಧಾನದ ಪ್ರಕಾರ ದೇಶದ ಹೆಸರು ಐರ್ಲೆಂಡ್. ಆದರೆ ಆ ಹೆಸರು ಇಡೀ ದ್ವೀಪದ ಮೇಲಿನ ಹಕ್ಕನ್ನು ಸೂಚಿಸುತ್ತದೆಂದು ಬ್ರಿಟನ್ ಅದನ್ನು ಬಳಸುತ್ತಿರಲಿಲ್ಲ, ರಿಪಬ್ಲಿಕ್ ಆಫ್ ಐರ್ಲೆಂಡ್ ಎನ್ನುತ್ತಿತ್ತು. ಇದೇ ಬಗೆಯ ವಿವಾದದಿಂದ ಆಸ್ಟ್ರೇಲಿಯಾ ಮತ್ತು ಐರ್ಲೆಂಡ್ ಹಲವು ವರ್ಷ ರಾಯಭಾರಿಗಳನ್ನೇ ನೇಮಿಸಿಕೊಳ್ಳಲಾಗದೆ ಪ್ರಭಾರ ಅಧಿಕಾರಿಗಳಲ್ಲಿ ತೃಪ್ತಿಪಡಬೇಕಾಯಿತು. ಉತ್ತರ ಐರ್ಲೆಂಡ್ ಕುರಿತ 1985ರ ಆಂಗ್ಲೋ-ಐರಿಶ್ ಒಪ್ಪಂದದ ಎರಡು ಪ್ರತಿಗಳಲ್ಲಿ ದೇಶದ ಹೆಸರು ಎರಡು ರೀತಿ ಇದೆ. ಉತ್ತರ ಐರ್ಲೆಂಡಿನ ಶಾಂತಿಗಾಗಿ ಮಾಡಿಕೊಂಡ 1998ರ ಗುಡ್ ಫ್ರೈಡೇ ಒಪ್ಪಂದದ ಬಳಿಕ ಐರ್ಲೆಂಡ್ ತನ್ನ ಸಂವಿಧಾನದಿಂದ ಇಡೀ ದ್ವೀಪದ ಮೇಲಿನ ಹಕ್ಕಿನ ವಿಧಿಗಳನ್ನು ತಿದ್ದಿತು, ಬ್ರಿಟನ್ ಐರ್ಲೆಂಡ್ ಎಂಬ ಹೆಸರನ್ನು ಒಪ್ಪಿತು; 2003ರಲ್ಲಿ ಬ್ರಿಟಿಷ್ ರಾಯಭಾರಿ ಸ್ಟುವರ್ಟ್ ಎಲ್ಡನ್ ತಂದ ಅಧಿಕಾರಪತ್ರದಲ್ಲಿ ವಿಳಾಸ ಐರ್ಲೆಂಡಿನ ಅಧ್ಯಕ್ಷರಿಗೆ ಎಂದಿತ್ತು.

1972ರ ಬಗ್ಗೆ ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಬೆಂಕಿ ನಿಜ, ಸಂಬಂಧ ಕಡಿದದ್ದು ನಿಜವಲ್ಲ. ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಜನ ಅಂದೇ ಸತ್ತರು, ಗಾಯಗೊಂಡವರಲ್ಲಿ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಐರಿಶ್ ಸರ್ಕಾರ ಲಂಡನ್‌ನಲ್ಲಿದ್ದ ತನ್ನ ರಾಯಭಾರಿ ಡೊನಾಲ್ ಓ'ಸಲಿವನ್ ಅವರನ್ನು ವಾಪಸು ಕರೆಸಿಕೊಂಡಿತು. ಫೆಬ್ರವರಿ 2ರಂದು, ಡೆರಿಯಲ್ಲಿ ಅಂತ್ಯಕ್ರಿಯೆ ನಡೆಯುತ್ತಿದ್ದ ದಿನ, ಡಬ್ಲಿನ್‌ನ ಮೆರಿಯನ್ ಚೌಕದ 39ನೇ ಸಂಖ್ಯೆಯ ಕಟ್ಟಡದಲ್ಲಿದ್ದ ಬ್ರಿಟಿಷ್ ರಾಯಭಾರ ಕಚೇರಿಯನ್ನು ಜನಸಮೂಹ ಸುಟ್ಟುಹಾಕಿತು. ಸಿಬ್ಬಂದಿಯನ್ನು ಮೊದಲೇ ತೆರವುಗೊಳಿಸಿದ್ದರಿಂದ ಒಳಗೆ ಪ್ರಾಣಹಾನಿಯಾಗಲಿಲ್ಲ. ರಾಯಭಾರಿಯನ್ನು ಕರೆಸಿಕೊಳ್ಳುವುದು ಪ್ರತಿಭಟನೆಯ ಕ್ರಮ. ಅಂಥ ಹೊತ್ತಿನಲ್ಲಿ ಕಚೇರಿ ತೆರೆದೇ ಇರುತ್ತದೆ, ಎರಡನೇ ಅಧಿಕಾರಿ ಪ್ರಭಾರ ವಹಿಸುತ್ತಾರೆ. ಸಂಬಂಧ ಕಡಿದರೆ ಕಚೇರಿಯೇ ಮುಚ್ಚಿ, ಮೂರನೆಯ ದೇಶವೊಂದು ಹಿತಾಸಕ್ತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಓ'ಸಲಿವನ್ ಅದೇ ವರ್ಷ ಲಂಡನ್‌ಗೆ ಮರಳಿದರು. ಬ್ರಿಟಿಷ್ ರಾಯಭಾರಿ ಜಾನ್ ಪೆಕ್ ಡಬ್ಲಿನ್‌ನಲ್ಲಿಯೇ ಇದ್ದು ಬೇರೆ ಕಟ್ಟಡದಿಂದ ಕೆಲಸ ಮುಂದುವರಿಸಿದರು. 1961ರ ವಿಯೆನ್ನಾ ಒಡಂಬಡಿಕೆಯ 22ನೇ ವಿಧಿ ರಾಯಭಾರ ಕಚೇರಿಯನ್ನು ರಕ್ಷಿಸುವ ವಿಶೇಷ ಹೊಣೆಯನ್ನು ಆತಿಥೇಯ ದೇಶದ ಮೇಲೆ ಹೊರಿಸುತ್ತದೆ. ಐರಿಶ್ ಸರ್ಕಾರ ಆ ಹೊಣೆಯನ್ನು ಒಪ್ಪಿ ಪರಿಹಾರ ಕೊಟ್ಟಿತು.

ಈ ಭಾಗ ಬರೆಯುವಾಗ ಬೆಂಕಿಯನ್ನಷ್ಟೇ ಹೇಳಿ ಡೆರಿಯನ್ನು ಬಿಟ್ಟರೆ ಐರಿಶ್ ಓದುಗರಿಗೆ ಅನ್ಯಾಯವಾಗುತ್ತದೆ. ಡೆರಿಯನ್ನು ಹೇಳಿ 1976ನ್ನು ಬಿಟ್ಟರೆ ಇನ್ನೊಂದು ಅನ್ಯಾಯ. ಆ ವರ್ಷದ ಜುಲೈ 21ರಂದು, ಅಧಿಕಾರ ವಹಿಸಿ ಕೆಲವೇ ದಿನವಾಗಿದ್ದ ಬ್ರಿಟಿಷ್ ರಾಯಭಾರಿ ಕ್ರಿಸ್ಟೊಫರ್ ಯೂವರ್ಟ್-ಬಿಗ್ಸ್ ಮತ್ತು ಯುವ ಅಧಿಕಾರಿ ಜೂಡಿತ್ ಕುಕ್, ಡಬ್ಲಿನ್ ಹೊರವಲಯದ ಸ್ಯಾಂಡಿಫರ್ಡ್‌ನಲ್ಲಿದ್ದ ರಾಯಭಾರಿಯ ನಿವಾಸದಿಂದ ಹೊರಟ ಕಾರಿನಲ್ಲಿ, ಐರಿಶ್ ರಿಪಬ್ಲಿಕನ್ ಆರ್ಮಿ (ಐಆರ್‌ಎ) ಎಂಬ ಸಶಸ್ತ್ರ ಸಂಘಟನೆ ರಸ್ತೆಯಡಿ ಇಟ್ಟಿದ್ದ ಸಿಡಿಮದ್ದಿಗೆ ಬಲಿಯಾದರು. ಐರಿಶ್ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಆ ಸಂಬಂಧದ ಮಸೂದೆಯ ವಿವಾದದಲ್ಲಿ ರಾಷ್ಟ್ರಾಧ್ಯಕ್ಷ ಓ ಡಾಲಿ ರಾಜೀನಾಮೆಯನ್ನೇ ಕೊಟ್ಟರು. ಆಗಲೂ ಎರಡೂ ದೇಶಗಳು ರಾಯಭಾರ ಕಚೇರಿಗಳನ್ನು ಮುಚ್ಚಲಿಲ್ಲ.

ಇಲ್ಲಿಂದ ಮುಂದಿನದನ್ನು ಸಂಕ್ಷೇಪಿಸಬಹುದು. 1973ರ ಜನವರಿ 1ರಂದು ಎರಡೂ ದೇಶಗಳು ಒಂದೇ ದಿನ ಐರೋಪ್ಯ ಸಮುದಾಯ ಸೇರಿದ್ದರಿಂದ ಮಂತ್ರಿಗಳಿಗೆ ಬ್ರಸೆಲ್ಸ್‌ನ ಸಭೆಗಳ ಬದಿಯಲ್ಲಿ ಸಹಜವಾಗಿ ಭೇಟಿಯಾಗುವ ಅವಕಾಶ ದೊರೆಯಿತು. 1985ರ ಒಪ್ಪಂದ ಬೆಲ್‌ಫಾಸ್ಟ್ ಹತ್ತಿರದ ಮೇರಿಫೀಲ್ಡ್‌ನಲ್ಲಿ ಎರಡೂ ಸರ್ಕಾರಗಳ ಅಧಿಕಾರಿಗಳು ಒಟ್ಟಿಗೆ ಕೂರುವ ಕಚೇರಿಯನ್ನು ತೆರೆಯಿತು. 2020ರ ಜನವರಿ ಕೊನೆಗೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಬ್ರಸೆಲ್ಸ್ ದಾರಿ ಮುಚ್ಚಿ, ನೇರ ಪ್ರಾತಿನಿಧ್ಯದ ಭಾರ ಮತ್ತೆ ಹೆಚ್ಚಿದೆ. ಐರ್ಲೆಂಡ್ ಲಂಡನ್ ರಾಯಭಾರ ಕಚೇರಿಯ ಜೊತೆಗೆ ಎಡಿನ್‌ಬರೋ ಮತ್ತು ಕಾರ್ಡಿಫ್‌ನಲ್ಲಿ ಕಾನ್ಸುಲೇಟ್ ಇಟ್ಟುಕೊಂಡು, 2021ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇನ್ನೊಂದನ್ನು ತೆರೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಈಗ ನಿಮ್ಮ ಲೇಖನಕ್ಕೆ ಯಾವ ವರ್ಷ? 1919 ಎಂದು ಬರೆದರೆ ಐರಿಶ್ ರಾಷ್ಟ್ರೀಯ ನೆನಪಿಗೆ ಗೌರವ ಸಲ್ಲುತ್ತದೆ, ಆದರೆ ಪರಸ್ಪರ ಮಾನ್ಯತೆ ಅಂದು ಇರಲಿಲ್ಲ. ಅದನ್ನು ಪೂರ್ವಪೀಠಿಕೆಯಾಗಿ ಮಾತ್ರ ಹೇಳಿ. 1922 ರಾಷ್ಟ್ರ ಹುಟ್ಟಿದ ವರ್ಷ, ಪ್ರತಿನಿಧಿ ಹೋದದ್ದು 1923ರಲ್ಲಿ. 1939ನ್ನು ಆರಂಭವೆನ್ನುವುದು ಬ್ರಿಟಿಷ್ ಕಣ್ಣಿನಿಂದ ನೋಡಿದಂತೆ. ಅದಕ್ಕೆ ಮುಂಚೆ ಹದಿನಾರು ವರ್ಷ ಲಂಡನ್‌ನಲ್ಲಿ ದುಡಿದ ಐರಿಶ್ ಕಚೇರಿಯನ್ನು ಅದು ಮರೆಸುತ್ತದೆ. 1949ರಲ್ಲಿ ಬದಲಾದದ್ದು ಸಂವಿಧಾನಾತ್ಮಕ ಸ್ಥಾನ, ಕಚೇರಿಯಲ್ಲ. 1950 ರಾಯಭಾರಿ ಎಂಬ ಪದವಿಗೆ ಸರಿಯಾದ ವರ್ಷ, ಆದರೆ ಅದನ್ನೊಂದೇ ಕೊಟ್ಟರೆ ಅದಕ್ಕೆ ಮೊದಲು ಏನೂ ಇರಲಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ನಾನಾಗಿದ್ದರೆ ಒಂದು ವರ್ಷಕ್ಕೆ ಕಟ್ಟುಬೀಳದೆ, ಲಂಡನ್‌ನಲ್ಲಿ ಐರಿಶ್ ಪ್ರಾತಿನಿಧ್ಯ 1923ರಿಂದ, ಡಬ್ಲಿನ್‌ನಲ್ಲಿ ಬ್ರಿಟಿಷ್ ರಾಜಕೀಯ ಪ್ರಾತಿನಿಧ್ಯ 1939ರಿಂದ, ರಾಯಭಾರಿಗಳ ವಿನಿಮಯ 1950ರಿಂದ ಎಂದು ಒಂದೇ ವಾಕ್ಯದಲ್ಲಿ ಬರೆಯುತ್ತಿದ್ದೆ. ಸ್ಥಳವಿಲ್ಲದೆ ಒಂದನ್ನೇ ಕೊಡಬೇಕಾದರೆ 1923 ಇರಲಿ.

ದೇಶದ ಹೆಸರಿನಲ್ಲಿಯೂ ಎಚ್ಚರವಿರಲಿ. 1922ರಿಂದ 1937ರವರೆಗಿನ ಕಾಲಕ್ಕೆ ಐರಿಶ್ ಫ್ರೀ ಸ್ಟೇಟ್, ಅಲ್ಲಿಂದೀಚೆಗೆ ಐರ್ಲೆಂಡ್ ಎಂದು ಬಳಸಿ. ಉತ್ತರ ಐರ್ಲೆಂಡಿನಿಂದ ಬೇರ್ಪಡಿಸಿ ಹೇಳಬೇಕಾದ ಕಡೆ ಮಾತ್ರ ರಿಪಬ್ಲಿಕ್ ಆಫ್ ಐರ್ಲೆಂಡ್ ಎನ್ನಿ. ಹಳೆಯ ಬ್ರಿಟಿಷ್ ದಾಖಲೆಗಳಲ್ಲಿ ಸಿಗುವ ಏರಾ ಎಂಬ ರೂಪ ಐರಿಶ್ ಭಾಷೆಯ ಸರಿಯಾದ ಹೆಸರೇ ಆದರೂ, ಇಂಗ್ಲಿಷ್ ಬರವಣಿಗೆಯಲ್ಲಿ ಅದನ್ನು ಬಳಸಿದ್ದು ಐರ್ಲೆಂಡ್ ಎಂಬ ಹೆಸರನ್ನು ತಪ್ಪಿಸಲೆಂದು. ಮ್ಯಾಫಿ ಅವರ ಅಧಿಕೃತ ಪದವಿಯನ್ನು ಉಲ್ಲೇಖಿಸುವಾಗ ಬಿಟ್ಟರೆ ಬೇರೆಲ್ಲಿಯೂ ನಿಮಗೆ ಅದರ ಅಗತ್ಯ ಬೀಳುವುದಿಲ್ಲ.